ಅವ್ವನ ಉಗುರಿಗೆ ಬ್ಲೇಡ್ ಬೇಡ

ಪ್ರಶ್ನೆ: ಡಾಕ್ಟ್ರೇ, ನಮ್ಮವ್ವನಿಗೆ ಶುಗರ್ ಬಂದು ಬಹಳ ವರ್ಷ ಆಯ್ತು. ಹೆಬ್ಬೆರಳಿನ ಉಗುರು ದಪ್ಪಗಾಗಿ ಮೂಲೆಯಲ್ಲಿ ಒಳಗೆ ಬೆಳೆದಿದೆ. ಬ್ಲೇಡಿನಿಂದ ಕೆತ್ತಿಕೊಳ್ಳುತ್ತಾರೆ. ರಕ್ತ ಬಂದರೂ ‘ಏನೂ ನೋವಿಲ್ಲ’ ಅಂತಾರೆ. ನಾನೇ ಕತ್ತರಿಸಲಾ?
– ಓದುಗರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ನನಗೆ ಭಯ ಆಗಿದ್ದೇ ಆ ‘ನೋವಿಲ್ಲ’ ಅನ್ನೋ ಮಾತಿಗೆ. ಶುಗರ್ ಬಹಳ ವರ್ಷ ಜಾಸ್ತಿ ಇದ್ದರೆ ಪಾದದ ನರ ಜೋಮುಗಟ್ಟುತ್ತದೆ, ರಕ್ತ ಓಡಾಟವೂ ಕಡಿಮೆಯಾಗಬಹುದು, ಹಾಗಾಗಿ ಸಣ್ಣ ಗಾಯ ಗೊತ್ತೇ ಆಗದೆ ಕೀವಾಗಿ ಎಲುಬಿನವರೆಗೂ ಇಳಿಯಬಹುದು. ಬ್ಲೇಡ್ ಇವತ್ತೇ ಎಸೆಯಿರಿ. ಕಾಲಿನ ಆಣಿಗೆ (ಗಟ್ಟಿಯಾದ ಚರ್ಮಕ್ಕೆ) ಹಚ್ಚುವ ಪಟ್ಟಿಯೂ ಬೇಡ, ಅದರ ಆ್ಯಸಿಡ್ ಒಳ್ಳೆ ಚರ್ಮವನ್ನೂ ಸುಡುತ್ತದೆ.

ಒಳಗೆ ಬೆಳೆದ ಉಗುರು ನಿಮ್ಮ ಕೆಲಸವಲ್ಲ, ಬೇಗ ಸರ್ಜನ್‌ಗೆ ತೋರಿಸಿ. ಕೆಂಪಾಗಿ ಊದಿದ್ದರೆ, ಕೀವು ಕಂಡರೆ ಅದೇ ದಿನ. ಉಳಿದ ಉಗುರು ನೀವೇ ತೆಗೆಯಬಹುದು: ಸ್ನಾನವಾದ ಮೇಲೆ, ಒಳ್ಳೆ ಬೆಳಕಲ್ಲಿ, ನೇಲ್ ಕಟರ್‌ನಿಂದ ನೇರವಾಗಿ. ಮೂಲೆಗೆ ಇಳಿಯಬೇಡಿ, ಚೂಪಾದ ಅಂಚನ್ನು ನೇಲ್ ಫೈಲ್‌ನಿಂದ ಸುಮ್ನೆ ಉಜ್ಜಿ.

ಇನ್ನು ನಿಮ್ಮೂರ ಅಂಗಳದ ಕಲ್ಲು! ಏಪ್ರಿಲ್–ಮೇ ಬಿಸಿಲಿಗೆ ಕಾದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲು ಬೊಬ್ಬೆ ಎದ್ದರೂ ಅವ್ವನಿಗೆ ತಿಳಿಯಲ್ಲ. ಮನೆಯೊಳಗೂ ಮೆತ್ತನೆ ಚಪ್ಪಲಿ ಇರಲಿ. ಗುಡಿಗೆ ಬೆಳಿಗ್ಗೆ ಬೇಗ ಹೋಗಿಬರಲಿ, ದೇವರೇನೂ ಬೇಜಾರಾಗಲ್ಲ ಅಲ್ವಾ?

ರಾತ್ರಿ ಅಂಗಾಲು, ಬೆರಳ ಸಂದು ನೋಡಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸರಿ, ಸಂದಿಗೆ ಬೇಡ. ಡಾಕ್ಟರ್ ಹತ್ತಿರ ಮೊನೊಫಿಲಮೆಂಟ್ ಪರೀಕ್ಷೆ ಕೇಳಿ. ಸಣ್ಣ ನೈಲಾನ್ ಎಳೆಯನ್ನು 10 ಗ್ರಾಂ ಒತ್ತಡದಲ್ಲಿ ಪಾದಕ್ಕೆ ತಾಗಿಸಿ ಸ್ಪರ್ಶ ಎಷ್ಟು ಉಳಿದಿದೆ ನೋಡುತ್ತಾರೆ, ನಿಮಿಷಗಳ ಕೆಲಸ.