ಓದುಗರ ಪ್ರಶ್ನೆ: ಮೈಲುತುತ್ತ, ಸುಣ್ಣ ಮತ್ತು ಒಂದು ದ್ರಾಕ್ಷಿತೋಟ

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಸುವ ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ವೈನಿನ ಸೀಮೆಯಿಂದ ಎಂದು ನನ್ನ ಸೋದರಳಿಯ ಹೇಳುತ್ತಾನೆ. ನಮ್ಮ ಕೊಳೆರೋಗಕ್ಕೂ ವೈನಿಗೂ ಏನು ಸಂಬಂಧ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಅವನ ಮಾತು ನಿಜ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಆ ದ್ರಾವಣಕ್ಕೆ ಬೋರ್ಡೋ ಸೀಮೆಯ ಹೆಸರೇ ಬಂದಿದೆ. ಆ ಕಥೆ ಮೊದಲಾದ ತೋಟವನ್ನೂ ಬೆರಳಿಟ್ಟು ತೋರಿಸಬಹುದು. ಬೋರ್ಡೋ ನಗರದ ಉತ್ತರಕ್ಕಿರುವ ಮೆದೋಕ್ ಸೀಮೆಯ ಸ್ಯಾನ್-ಜೂಲಿಯೆನ್ ಎಂಬಲ್ಲಿ ಡ್ಯುಕ್ರು-ಬೋಕಾಯು ಎಂಬ ಎಸ್ಟೇಟಿದೆ. ಹೆಸರಿನಲ್ಲಿರುವ 'ಬೋಕಾಯು' ಎಂದರೆ ಚೆಂದದ ಕಲ್ಲು. ನೀರು ನಿಲ್ಲಗೊಡದ, ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಳ್ಳುವ ನುಣುಪುಗಲ್ಲುಗಳ ಆ ನೆಲದಲ್ಲಿ ಮುಖ್ಯವಾಗಿ ಕ್ಯಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿತಳಿಯನ್ನು ಬೆಳೆಯುತ್ತಾರೆ, ಜೊತೆಗೆ ಮೆರ್ಲೋ ತಳಿಯನ್ನು. ಬೋರ್ಡೋ ವೈನುಗಳ 1855ರ ಪ್ರಸಿದ್ಧ ಶ್ರೇಣಿಪಟ್ಟಿಯಲ್ಲಿ ಇಲ್ಲಿನ ಕೆಂಪು ವೈನಿಗೆ ಎರಡನೆಯ ದರ್ಜೆ ದೊರೆತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿಯನ್ನು ನಾಶಮಾಡತೊಡಗಿದಾಗ, ಅದನ್ನು ತಡೆದುಕೊಳ್ಳಬಲ್ಲ ಬಳ್ಳಿಗಳನ್ನು ಅಮೆರಿಕದಿಂದ ತರಿಸಿದರು. ಅವುಗಳ ಜೊತೆಯಲ್ಲಿ ಎಲೆಯನ್ನು ಉದುರಿಸುವ ಬೂಜುರೋಗವೂ ಬಂತು. ಒಂದನ್ನು ಓಡಿಸಲು ಹೋಗಿ ಇನ್ನೊಂದನ್ನು ಮನೆಗೆ ಕರೆತಂದಂತಾಯಿತು. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ದೆ ಸ್ಯಾನ್-ಜೂಲಿಯೆನ್ ದಾರಿಯಲ್ಲಿ ಹೋಗುತ್ತಿದ್ದಾಗ, ಎಲ್ಲೆಡೆ ಎಲೆ ಉದುರಿದ್ದರೂ ರಸ್ತೆಯಂಚಿನ ಸಾಲುಗಳಲ್ಲಿ ಮಾತ್ರ ಹಸಿರು ಉಳಿದಿದ್ದನ್ನು ಕಂಡರು. ವಿಚಾರಿಸಿದಾಗ ಎಸ್ಟೇಟಿನ ಮೇಲ್ವಿಚಾರಕ ಅರ್ನೆಸ್ಟ್ ಡೇವಿಡ್ ಕೊಟ್ಟ ವಿವರಣೆಯಲ್ಲಿ ವಿಜ್ಞಾನದ ಸುಳಿವೇ ಇರಲಿಲ್ಲ. ದಾರಿಹೋಕರು ಹಣ್ಣು ಕದಿಯದಿರಲೆಂದು, ನೋಡಿದರೆ ವಿಷವೆನಿಸುವಂತೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುವುದು ಅಲ್ಲಿನ ವಾಡಿಕೆಯಾಗಿತ್ತು. ಕಳ್ಳರಿಗೆಂದು ಮಾಡಿದ ಬೆದರುಬೊಂಬೆ ರೋಗಕ್ಕೆ ಮದ್ದಾಯಿತು. ಇಬ್ಬರೂ ಸೇರಿ ಪ್ರಯೋಗ ನಡೆಸಿದರು. 1885ರಲ್ಲಿ ಮಿಲಾರ್ದೆ ಫಲಿತಾಂಶವನ್ನು ಪ್ರಕಟಿಸಿದರು.

ದ್ರಾಕ್ಷಿಯ ಆ ಬೂಜೂ ನಮ್ಮ ಕೊಳೆರೋಗವನ್ನು ತರುವ ಫೈಟಾಫ್ತೊರ ಎಂಬ ರೋಗಾಣುವೂ ಹತ್ತಿರದ ಸಂಬಂಧಿಗಳು. ಎರಡೂ ನೀರಿನ ಪಸೆಯಲ್ಲಿ ಹರಡುವಂಥವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಮಲೆನಾಡಿಗೆ ಈ ಸಿಂಪಡಣೆಯನ್ನು ಪರಿಚಯಿಸಿದರು. ಕೊಟ್ಟೆಯೂ ಕೆಟ್ಟ ಉಪಾಯವೇನಲ್ಲ, ಆದರೆ ಮರ ಹತ್ತುವ ಅಷ್ಟು ಕೊನೆಗಾರರು ಈಗ ಎಲ್ಲಿದ್ದಾರೆ! ತಾಮ್ರ ರೋಗಾಣು ಮೊಳೆಯುವುದನ್ನು ತಡೆಯುತ್ತದೆಯೇ ಹೊರತು ಒಳಹೊಕ್ಕ ರೋಗವನ್ನು ವಾಸಿಮಾಡುವುದಿಲ್ಲ. ಆದ್ದರಿಂದ ನೂರು ಲೀಟರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮಳೆ ಹಿಡಿಯುವ ಮುಂಚೆಯೇ ಹೊಡೆಸಬೇಕು.

ಪ್ರಶ್ನೆ: ಅಂತಹ ಎಸ್ಟೇಟುಗಳು ತಲೆಮಾರುಗಳಿಂದ ಒಂದೇ ಮನೆತನದಲ್ಲಿ ಹೇಗೆ ಉಳಿಯುತ್ತವೆ? ನಮ್ಮಲ್ಲಿ ಮೂರನೆಯ ತಲೆಮಾರಿಗೆ ತೋಟ ಹಿಸ್ಸೆಯಾಗಿ ಚೂರಾಗುತ್ತದೆ.
— ಓದುಗರು, ಸಾಗರ

ಉತ್ತರ: ಎಲ್ಲವೂ ಉಳಿಯುವುದಿಲ್ಲ. ಮೇಲೆ ಹೇಳಿದ ಎಸ್ಟೇಟೇ ಹಲವು ಕೈ ಬದಲಾಯಿಸಿ, 1941ರಲ್ಲಿ ಬೋರಿ ಮನೆತನಕ್ಕೆ ಬಂದದ್ದು; ಈಗಲೂ ಅವರದ್ದೇ. ಮಕ್ಕಳೆಲ್ಲರಿಗೂ ಪಾಲು ಸಲ್ಲಬೇಕೆಂದು 1804ರ ನೆಪೋಲಿಯನ್ ಸಂಹಿತೆ ವಿಧಿಸಿದ್ದರಿಂದ ಫ್ರಾನ್ಸಿನಲ್ಲಿಯೂ ಹಿಸ್ಸೆಯ ಕಾಟವಿದೆ. ಬರ್ಗಂಡಿ ಸೀಮೆಯ ಕ್ಲೋ ದ ವೂಜೋ ಎಂಬ ಸುಮಾರು 50 ಹೆಕ್ಟೇರಿನ ಒಂದೇ ತೋಟಕ್ಕೆ ಇಂದು ಸುಮಾರು 80 ಒಡೆಯರು. ಕೆಲವರಿಗೆ ಬೆರಳೆಣಿಕೆಯ ಸಾಲುಗಳಷ್ಟೇ ಇವೆ. ಬೋರ್ಡೋದವರು ಎಸ್ಟೇಟನ್ನು ಕಂಪನಿಯ ರೂಪದಲ್ಲಿಟ್ಟು, ನೆಲದ ಬದಲು ಷೇರುಗಳನ್ನು ಹಂಚುವುದು ಹೆಚ್ಚು. ಬೋರಿ ಮನೆಯಲ್ಲಿ 2003ರಲ್ಲಿ ಪಾಲಾದಾಗಲೂ ತೋಟವನ್ನು ಸೀಳಲಿಲ್ಲ. ಒಬ್ಬರಿಗೆ ಈ ಎಸ್ಟೇಟು, ಇನ್ನೊಬ್ಬರಿಗೆ ಬೇರೆಯ ಎಸ್ಟೇಟು ಎಂದು ಹಂಚಿಕೊಂಡರು. ಒಂದೇ ತೋಟವಿರುವ ಮನೆಗೆ ಈ ದಾರಿಯಿಲ್ಲ ಎಂಬುದು ನಿಜವೇ.

ಪ್ರಶ್ನೆ: ಕೆಂಪು ವೈನಿನ ಬಣ್ಣ ಎಲ್ಲಿಂದ ಬರುತ್ತದೆ? ಆ ದ್ರಾಕ್ಷಿಯನ್ನು ಇಲ್ಲಿ ಬೆಳೆಯಬಹುದೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆ ತಳಿಗಳ ರಸಕ್ಕೆ ಹೆಚ್ಚು ಬಣ್ಣವಿಲ್ಲ, ಸಿಪ್ಪೆಯೊಡನೆ ಹುಳಿಯಲು ಬಿಟ್ಟಾಗ ಬಣ್ಣವೂ, ನಾಲಿಗೆಗೆ ಎಳೆಯಡಿಕೆಯಂತೆ ತಟ್ಟುವ ಒಗರೂ ಇಳಿಯುತ್ತವೆ. 225 ಲೀಟರಿನ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟಾಗ ಆ ಒಗರು ಮಿದುವಾಗುತ್ತದೆ. ಬೆಳೆಯುವ ಮಾತಿಗೆ ಬಂದರೆ, ಬೋರ್ಡೋದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ, ಆಗುಂಬೆಯಲ್ಲಿ 7000 ಮಿ.ಮೀ. ಆಸುಪಾಸು. ಆಗುಂಬೆಯಂಥ ಮಳೆಯಲ್ಲಿ ಮೈಲುತುತ್ತ ಎಷ್ಟು ಹೊಡೆದರೂ ದ್ರಾಕ್ಷಿ ಉಳಿಯಲಾರದು.