ಚೆಸ್ ಪ್ರಶ್ನೋತ್ತರ: ಪಾಸ್ಡ್ ಪಾನ್ ಮತ್ತು ಬಲಿದಾನದ ಲೆಕ್ಕ

ಪ್ರಶ್ನೆ: ಪಾಸ್ಡ್ ಪಾನ್ (ಮುಂದೆಯೂ ಅಕ್ಕಪಕ್ಕದ ಕಂಬಗಳಲ್ಲೂ ತಡೆಯಲು ಎದುರಾಳಿಯ ಪಾನ್ ಇಲ್ಲದ ಪಾನ್) ಇರುವ ಪಜಲ್‌ಗಳಲ್ಲಿ ಏನನ್ನೋ ಬಲಿ ಕೊಡಬೇಕು ಅನ್ನುವುದು ಗೊತ್ತಾಗುತ್ತದೆ. ಯಾವ ಕಾಯಿ, ಯಾವಾಗ ಅನ್ನುವುದು ಮಾತ್ರ ಹೊಳೆಯುವುದಿಲ್ಲ. ಊಹೆಯ ಮೇಲೆ ಆಡಿದರೆ ಅರ್ಧಕ್ಕರ್ಧ ತಪ್ಪಾಗುತ್ತದೆ. (ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಯಾವ ಕಾಯಿ ಕೊಡಲಿ ಎಂದು ಶುರು ಮಾಡುವುದರಿಂದಲೇ ಈ ತೊಂದರೆ. ಪಾನ್ ರಾಣಿಯಾಗುವ ಮನೆಯಿಂದ ಹಿಂದಕ್ಕೆ ಬನ್ನಿ. ಆ ಮನೆಗೂ ದಾರಿಯಲ್ಲಿರುವ ಮನೆಗಳಿಗೂ ಎದುರಾಳಿಯ ಯಾವ ಕಾಯಿ ಕಾವಲಿದೆ? ಆ ಕಾವಲನ್ನು ಹೊಡೆದು ತೆಗೆಯಬಹುದೇ, ಬೇರೆಡೆಗೆ ಎಳೆಯಬಹುದೇ, ಅದರ ದಾರಿಗೆ ಅಡ್ಡ ಏನಾದರೂ ಇಡಬಹುದೇ? ಇದಕ್ಕೆ ಉತ್ತರ ಸಿಕ್ಕಿತೆಂದರೆ ಬಲಿ ಕೊಡಬೇಕಾದ ಕಾಯಿ ತಾನಾಗಿ ಕಾಣುತ್ತದೆ.

1933ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಒರ್ಟುಯೆಟಾ–ಸಾನ್ಸ್ ಆಟದ ಕೊನೆಯನ್ನು ಬೋರ್ಡ್ ಮೇಲೆ ಜೋಡಿಸಿಕೊಳ್ಳಿ (ಬಿಳಿಯ ಎಡದಿಂದ ಕಂಬಗಳು ಎ–ಎಚ್, ಬಿಳಿಯ ಬದಿಯಿಂದ ಸಾಲುಗಳು 1–8). ಬಿಳಿ: ರಾಜ ಜಿ1, ಆನೆ ಬಿ7, ಕುದುರೆ ಎ4, ಪಾನ್ ಎ2 ಮತ್ತು ಬಿ2. ಕಪ್ಪು: ರಾಜ ಎಚ್7, ಆನೆ ಡಿ2, ಒಂಟೆ ಬಿ6, ಪಾನ್ ಎ7, ಸಿ5, ಸಿ4. ಉಳಿದ ಪಾನ್‌ಗಳು ರಾಜನ ಬದಿಯಲ್ಲಿವೆ, ಈ ಲೆಕ್ಕಕ್ಕೆ ಬರುವುದಿಲ್ಲ. ಸರದಿ ಕಪ್ಪಿನದು.

ಸಿ4 ಪಾನ್ ಓಡಲು ಮೊದಲ ಅಡ್ಡಿ ಬಿ2 ಪಾನ್. ಸಿ3 ಮನೆ ಅದರ ಹಿಡಿತದಲ್ಲಿದೆ. ಹಾಗಾಗಿ ಕಪ್ಪು ಆನೆ ಬಿ2 ಪಾನನ್ನು ಹೊಡೆಯುತ್ತದೆ, ಕುದುರೆ ಆ ಆನೆಯನ್ನು ಹೊಡೆಯುತ್ತದೆ, ಪಾನ್ ಸಿ3ಕ್ಕೆ ಬರುತ್ತದೆ. ಈಗ ಕುದುರೆ ಡಿ3ಕ್ಕೆ ಹೋದರೆ ಸಿ5 ಪಾನ್ ಸಿ4ಕ್ಕೆ ಸರಿದು ಒಂಟೆಯ ಚೆಕ್ ತೆರೆಯುತ್ತದೆ. ಬಿಳಿ ಆನೆ ಒಂಟೆಯನ್ನು ಹೊಡೆದರೆ ಪಾನ್ ಕುದುರೆಯನ್ನು ಹೊಡೆದು ಡಿ3ಕ್ಕೆ ಬರುತ್ತದೆ. ಸಿ3, ಡಿ3ರ ಆ ಜೋಡಿಯನ್ನು ಒಂಟಿ ಆನೆ ತಡೆಯಲಾರದು.

ಆಟದಲ್ಲಿ ಬಿಳಿ ಕುದುರೆಯನ್ನು ಆಡದೆ ನೇರವಾಗಿ ಒಂಟೆಯನ್ನೇ ಹೊಡೆಯಿತು. ಹೆಚ್ಚಿನವರು ಎಡವುವುದು ಇಲ್ಲೇ. ಕೈ ತಾನಾಗಿ ಎ7 ಪಾನಿನಿಂದ ಆನೆಯನ್ನು ಹೊಡೆಯಲು ಹೋಗುತ್ತದೆ. ಹಾಗೆ ಹೊಡೆದರೆ ಕುದುರೆ ಡಿ3ಕ್ಕೆ ಬಂದು ಪಾನನ್ನು ನಿಲ್ಲಿಸುತ್ತದೆ. ಕಪ್ಪು ಆಡುತ್ತಿದ್ದ ಸಾನ್ಸ್ ಬಿಟ್ಟಿ ಆನೆಯನ್ನು ಮುಟ್ಟದೆ ಸಿ5 ಪಾನನ್ನು ಸಿ4ಕ್ಕೆ ನೂಕಿದರು. ಕುದುರೆಗೆ ಡಿ3 ಮನೆ ಮುಚ್ಚಿತು. ಬಿಳಿ ಆನೆ ಬಿ4ಕ್ಕೆ ಬಂದಾಗ ಎ7 ಪಾನ್ ಎ5ಕ್ಕೆ ಹಾರಿತು. ಆನೆ ಸಿ4ರಲ್ಲಿ ಹೊಡೆದರೆ ಸಿ3 ಪಾನ್ ಬಿ2 ಕುದುರೆಯನ್ನು ಹೊಡೆದು ರಾಣಿಯಾಗುತ್ತದೆ. ಕುದುರೆ ಸಿ4ರಲ್ಲಿ ಹೊಡೆದರೆ ಪಾನ್ ಸಿ2ಕ್ಕೆ ಹೋಗುತ್ತದೆ, ಇನ್ನು ತಡೆಯುವವರಿಲ್ಲ. ಇಡೀ ಸರಣಿಯಲ್ಲಿ ಅತಿ ಕಷ್ಟದ ನಡೆ ಮೊದಲಿನ ಆನೆ ಬಲಿ ಅಲ್ಲ, ಆಮೇಲೆ ಹೊಡೆಯದೆ ಬಿಟ್ಟದ್ದು. ಪಜಲ್ ಬಿಡಿಸುವಾಗ ‘ಅವರು ಹೊಡೆದರೆ ನಾನೂ ಹೊಡೆಯುತ್ತೇನೆ’ ಎಂದು ಲೆಕ್ಕ ಮುಂದುವರಿಸುವ ಮುನ್ನ ಅಲ್ಲೊಮ್ಮೆ ನಿಲ್ಲಿ.

ಪ್ರಶ್ನೆ: ಮೂರು ಪಾನ್‌ಗೆ ಮೂರು ಪಾನ್ ಎದುರಿದ್ದಾಗ ನಡುವಿನ ಪಾನ್ ನೂಕುವ ಉಪಾಯವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಪಂದ್ಯದಲ್ಲಿ ಅದನ್ನೇ ಆಡಿ ಸೋಲುತ್ತಾರೆ, ಯಾಕೆ? (ತರಬೇತುದಾರರು, ಶಿವಮೊಗ್ಗ)

ರಾಜನ ದೂರ ಅಳೆಯದೆ ಆಡುವುದರಿಂದ. ಬಿಳಿ ಪಾನ್ ಎ5, ಬಿ5, ಸಿ5. ಕಪ್ಪು ಪಾನ್ ಎ7, ಬಿ7, ಸಿ7. ಬಿಳಿ ರಾಜ ಎಚ್3, ಕಪ್ಪು ರಾಜ ಜಿ5. ಬಿಳಿಯ ಸರದಿ, ನಡೆ ಬಿ6. ಕಪ್ಪಿನ ಎ ಪಾನ್ ಹೊಡೆದರೆ ಬಿಳಿ ಸಿ6, ಅದನ್ನು ಬಿ ಪಾನ್ ಹೊಡೆದರೆ ಎ6. ಸಿ ಪಾನ್ ಹೊಡೆದರೆ ಎ6, ಅದನ್ನು ಬಿ ಪಾನ್ ಹೊಡೆದರೆ ಸಿ6. ಎರಡೂ ಕಡೆ ಬಿಳಿ ಎರಡು ಪಾನ್ ಕೊಟ್ಟು ಒಂದನ್ನು ರಾಣಿ ಮಾಡುತ್ತದೆ.

ಈಗ ಕಪ್ಪು ರಾಜನನ್ನು ಎಫ್6ಕ್ಕೆ ತನ್ನಿ, ಬೇರೇನೂ ಬದಲಿಸಬೇಡಿ. ಕಪ್ಪು ಸಿ ಪಾನಿನಿಂದಲೇ ಹೊಡೆಯುತ್ತದೆ. ಕೊನೆಗೆ ಬಿಳಿ ಪಾನ್ ಸಿ6ಕ್ಕೆ ಬಂದಾಗ ರಾಜ ಇ7, ಪಾನ್ ಸಿ7, ರಾಜ ಡಿ7. ಪಾನ್ ಸಿಕ್ಕಿಬಿತ್ತು, ಕಪ್ಪಿಗೆ ಮೂರು ಪಾನ್ ಹೆಚ್ಚು. ಎ ಪಾನಿನ ಓಟದ ಗೆರೆ ಬೇರೆ, ಸಿ ಪಾನಿನ ಗೆರೆ ಬೇರೆ. ಎದುರಾಳಿ ತನಗೆ ಅನುಕೂಲವಾದದ್ದನ್ನೇ ಆರಿಸುತ್ತಾನೆ. ಹಾಗಾಗಿ ಎರಡನ್ನೂ ಎಣಿಸಲೇಬೇಕು. ಎಣಿಸುವ ಬಗೆ ಸುಲಭ: ಪಾನಿನಿಂದ ಎಂಟನೇ ಸಾಲಿನವರೆಗಿನ ಉದ್ದವನ್ನೇ ಅಗಲವಾಗಿಟ್ಟು ಒಂದು ಚೌಕ ಕಲ್ಪಿಸಿ. ಎದುರಾಳಿಯ ರಾಜ ತನ್ನ ಸರದಿಯಲ್ಲಿ ಅದರೊಳಗೆ ಕಾಲಿಡಬಲ್ಲನಾದರೆ, ದಾರಿಯಲ್ಲಿ ಅಡ್ಡಿ ಇಲ್ಲದಿದ್ದರೆ, ಹಿಡಿಯುತ್ತಾನೆ. ಪಾನ್ ಇನ್ನೂ ತನ್ನ ಮೊದಲ ಮನೆಯಲ್ಲೇ ಇದ್ದರೆ ಎರಡು ಮನೆ ಹಾರಬಲ್ಲದು, ಆಗ ಒಂದು ಮನೆ ಮುಂದಿದೆ ಎಂದೇ ಎಣಿಸಿ.

ಮಕ್ಕಳಿಗೆ ಕಪ್ಪಿನ ಬದಿಯಿಂದಲೂ ಕಲಿಸಿ. ಕಪ್ಪು ರಾಜ ಜಿ5ರಲ್ಲಿದ್ದ ಮೊದಲ ಸ್ಥಿತಿಯಲ್ಲಿ ಕಪ್ಪಿನ ಸರದಿಯಾದರೆ ಕಪ್ಪೇ ಬಿ6 ಆಡಿ ದಾರಿ ಮುಚ್ಚಬೇಕು. ಎ6 ಆಡಿದರೆ ಬಿಳಿ ಸಿ6, ಸಿ6 ಆಡಿದರೆ ಬಿಳಿ ಎ6. ಎರಡರಲ್ಲೂ ಕಪ್ಪು ಸೋಲುತ್ತದೆ.

ಪ್ರಶ್ನೆ: ಪಾನ್ ಕೊನೆಯ ಸಾಲು ಮುಟ್ಟಿ ರಾಣಿ ಸಿಗುವಾಗ ಆನೆ ಮಾಡಿಕೊಳ್ಳುವುದು ನಿಜವಾಗಿ ಬೇಕಾಗುತ್ತದೆಯೇ, ಅಥವಾ ಪಜಲ್ ಮಾಡುವವರ ಚಮತ್ಕಾರವೇ? (ಬ್ಯಾಂಕ್ ಉದ್ಯೋಗಿ, ಮೈಸೂರು)

ಅಪರೂಪ, ಆದರೆ ಬೇಕಾದಾಗ ಬೇರೆ ದಾರಿಯೇ ಇರುವುದಿಲ್ಲ. ಬಿಳಿ: ರಾಜ ಬಿ6, ಪಾನ್ ಸಿ6. ಕಪ್ಪು: ರಾಜ ಎ1, ಆನೆ ಡಿ5. ಬಿಳಿ ಆಡಿ ಗೆಲ್ಲಬೇಕು.

ಪಾನ್ ಸಿ7, ಆನೆ ಡಿ6ರಿಂದ ಚೆಕ್. ರಾಜ ಬಿ7ಕ್ಕೆ ಹೋದರೆ ಆನೆ ಡಿ7ಕ್ಕೆ ಬಂದು ಪಾನನ್ನು ಪಿನ್ ಮಾಡುತ್ತದೆ (ಪಾನ್ ಸರಿದರೆ ರಾಜನಿಗೆ ಚೆಕ್), ಆಟ ಡ್ರಾ. ಸಿ5ಕ್ಕೆ ಹೋದರೆ ಆನೆ ಡಿ1ಕ್ಕೆ ಇಳಿಯುತ್ತದೆ. ರಾಣಿ ಆದ ಕೂಡಲೇ ಸಿ1ರಿಂದ ಚೆಕ್ ಕೊಟ್ಟು ಹಿಂದಿರುವ ರಾಣಿಯನ್ನು ಹೊಡೆಯುತ್ತದೆ. ಹಾಗಾಗಿ ರಾಜ ಬಿ5, ಬಿ4, ಬಿ3 ಎಂದು ಕೆಳಗಿಳಿಯುತ್ತಾನೆ, ಆನೆ ಡಿ5, ಡಿ4, ಡಿ3ರಿಂದ ಚೆಕ್ ಕೊಡುತ್ತಾ ಬರುತ್ತದೆ. ಈಗ ರಾಜ ಸಿ2: ಡಿ1, ಸಿ1 ಎರಡೂ ಅವನ ಹಿಡಿತದಲ್ಲಿವೆ. ಕಪ್ಪು ಕೊನೆಯ ಬಲೆ ಬೀಸುತ್ತದೆ, ಆನೆ ಡಿ4. ಇಲ್ಲಿ ರಾಣಿ ಮಾಡಿಕೊಂಡರೆ ಆನೆ ಸಿ4ರಲ್ಲಿ ಚೆಕ್ ಕೊಟ್ಟು ತನ್ನನ್ನೇ ಬಲಿ ಕೊಡುತ್ತದೆ. ರಾಣಿ ಅದನ್ನು ಹೊಡೆದರೆ ಎ1ರ ರಾಜನಿಗೆ ನಡೆಯೇ ಉಳಿಯುವುದಿಲ್ಲ, ಸ್ಟೇಲ್‌ಮೇಟ್, ಅಂದರೆ ಡ್ರಾ. ಅದರ ಬದಲು ಆನೆ ಮಾಡಿಕೊಂಡರೆ ಎ8ರಿಂದ ಮೇಟ್ ಬೆದರಿಕೆ. ಕಪ್ಪಿನ ಆನೆ ಎ4ಕ್ಕೆ ಬರಲೇಬೇಕು. ಆಗ ರಾಜ ಬಿ3: ಎ4ರ ಆನೆಯ ಮೇಲೆ ದಾಳಿ, ಜೊತೆಗೆ ಸಿ1ರಿಂದ ಮೇಟ್ ಬೆದರಿಕೆ. ಎರಡನ್ನೂ ತಪ್ಪಿಸಿಕೊಳ್ಳಲಾಗದು.

1895ರಲ್ಲಿ ಗ್ಲಾಸ್ಗೋ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಬಾರ್ಬಿಯೆ ಇದನ್ನು ಕಪ್ಪು ಡ್ರಾ ಮಾಡಿಕೊಳ್ಳುವ ಸ್ಥಿತಿ ಎಂದೇ ಪ್ರಕಟಿಸಿದ್ದರು. ಆನೆ ಮಾಡಿಕೊಂಡು ಗೆಲ್ಲಬಹುದು ಎಂದು ತೋರಿಸಿದವರು ಆ ಊರಿನಲ್ಲಿದ್ದ ಸ್ಪೇನ್‌ನ ಪಾದ್ರಿ ಫರ್ನಾಂಡೊ ಸಾವೆದ್ರಾ. ಚೆಸ್ ಲೋಕ ಅವರ ಹೆಸರನ್ನು ಇಂದಿಗೂ ನೆನೆಯುವುದು ಈ ಒಂದೇ ನಡೆಗಾಗಿ. ಉತ್ತರ ತಪ್ಪೆನಿಸಿದರೆ ಅಂಕಣಕ್ಕೆ ಬರೆಯಲು ಹಿಂಜರಿಯಬೇಡಿ.

ಪ್ರಶ್ನೆ: ಆರನೇ ಸಾಲಿನಲ್ಲಿ ಜೋಡಿ ಪಾಸ್ಡ್ ಪಾನ್ ಇದ್ದರೆ ಆನೆ ಯಾವಾಗಲೂ ಸೋಲುತ್ತದೆಯೇ? (ಓದುಗರು, ಕಾರವಾರ)

ಯಾವಾಗಲೂ ಅಲ್ಲ. ಆನೆಯ ಬದಿಯ ರಾಜ ದೂರವಿರಬೇಕು, ಆನೆ ತನ್ನ ಸರದಿಯಲ್ಲಿ ಒಂದು ಪಾನನ್ನು ಕೂಡಲೇ ಹೊಡೆಯುವಂತಿರಬಾರದು. ಕಪ್ಪು ಪಾನ್ ಸಿ3, ಡಿ3 (ಕಪ್ಪಿನ ಕಡೆಯಿಂದ ಎಣಿಸಿದರೆ ಆರನೇ ಸಾಲು). ಬಿಳಿ ಆನೆ ಡಿ8. ಕಪ್ಪಿನ ಸರದಿಯಾದರೆ ಸಿ2, ಆನೆ ಸಿ8, ಡಿ2; ಒಂದನ್ನು ಹೊಡೆದರೆ ಇನ್ನೊಂದು ರಾಣಿ. ಬಿಳಿಯ ಸರದಿಯಾದರೆ ಆನೆ ಡಿ3ರಲ್ಲಿ ಹೊಡೆಯುತ್ತದೆ, ಪಾನ್ ಸಿ2, ಆನೆ ಸಿ3, ಆಟ ತಿರುಗಿತು. ಒಂದೇ ನಡೆಯ ವ್ಯತ್ಯಾಸ.

ಪ್ರಶ್ನೆ: ದಿನಕ್ಕೆ ಎಷ್ಟು ಪಜಲ್ ಬಿಡಿಸಬೇಕು? (ಗೃಹಿಣಿ, ಹುಬ್ಬಳ್ಳಿ)

ಐದು ಸಾಕು, ಆದರೆ ಪೂರ್ತಿ ಬಿಡಿಸಿ. ಲಿಚೆಸ್ ಜಾಲತಾಣದಲ್ಲಿ ಮುಂದೆ ಸಾಗಿದ ಪಾನ್‌ಗಳ ಪಜಲ್‌ಗಳು ಪ್ರತ್ಯೇಕ ವಿಭಾಗದಲ್ಲಿ ಉಚಿತವಾಗಿ ಸಿಗುತ್ತವೆ. ಪರದೆಯ ಮೇಲೆ ಮೊದಲ ನಡೆ ಒತ್ತುವ ಮುನ್ನ ಇಡೀ ಸರಣಿಯನ್ನು, ಎದುರಾಳಿಯ ಕನಿಷ್ಠ ಎರಡು ಉತ್ತರಗಳ ಸಮೇತ, ಕಾಗದದ ಮೇಲೆ ಬರೆಯಿರಿ. ಹತ್ತು ನಿಮಿಷವಾದರೂ ಬಗೆಹರಿಯದಿದ್ದರೆ ನಿಜವಾದ ಬೋರ್ಡ್ ಮೇಲೆ ಜೋಡಿಸಿ, ಕಾಯಿ ಮುಟ್ಟದೆ ಇನ್ನೈದು ನಿಮಿಷ ನೋಡಿ. ಉತ್ತರ ತಪ್ಪಾದರೆ ಎಂಜಿನ್ (ಚೆಸ್ ಆಡುವ ತಂತ್ರಾಂಶ) ಹೇಳಿದ ಸರಿ ನಡೆಯನ್ನು ಓದಿ ಮುಂದೆ ಹೋಗಬೇಡಿ. ನಿಮ್ಮ ನಡೆಯನ್ನೇ ಎಂಜಿನ್ ಎದುರು ಆಡಿ, ಅದು ಯಾವ ಉತ್ತರದಿಂದ ಮುರಿಯಿತು ಎಂದು ಬರೆದಿಟ್ಟುಕೊಳ್ಳಿ. ಒಂದು ವಾರದ ನಂತರ ತಪ್ಪಿದ ಪಜಲ್‌ಗಳನ್ನಷ್ಟೇ ಮತ್ತೆ ಬಿಡಿಸಿ.