ಕಾನೂನಿಗೆ ಹೆದರಿ ಕಾಯಂ ಮಾಡುತ್ತಿಲ್ಲವೇ?

ನನ್ನ ತಮ್ಮ ಪೀಣ್ಯದಲ್ಲಿ ಮೂರು ವರ್ಷದಿಂದ ಕಾಂಟ್ರಾಕ್ಟ್ ಮೇಲೇ ಇದ್ದಾನೆ, ಒಮ್ಮೆ ಕಾಯಂ ಮಾಡಿದರೆ ತೆಗೆಯಲಾಗದು ಎಂದು ಮಾಲೀಕರು ಹೆದರುತ್ತಾರಂತೆ, ಹೊಸ ಕಾರ್ಮಿಕ ಸಂಹಿತೆ ಬಂದ ಮೇಲಾದರೂ ಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ಪೀಣ್ಯದಲ್ಲೇ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿ ಹನ್ನೊಂದು ವರ್ಷ ಹಾಜರಿ ಪುಸ್ತಕ ನೋಡಿಕೊಂಡಿದ್ದೆ. ಕಂಡದ್ದನ್ನು ಹೇಳುತ್ತೇನೆ.

ಹೆದರಿಕೆಗೆ ಕಾರಣವಾದ ಕಾನೂನು ಇದ್ದದ್ದು ನಿಜ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1976ರಲ್ಲಿ ಒಂದು ಅಧ್ಯಾಯ ಸೇರಿಸಿ, 300 ಕಾರ್ಮಿಕರಿರುವ ಕಾರ್ಖಾನೆ ಜನರನ್ನು ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕು ಎಂದರು. 1982ರ ತಿದ್ದುಪಡಿ ಆ 300ನ್ನು 100ಕ್ಕೆ ಇಳಿಸಿತು. ಆದರೆ ನಮ್ಮಲ್ಲಿ ಕಾಯಂ ಇದ್ದವರೇ 62 ಜನ! ಅನುಮತಿಯ ಮಾತು ನಮಗೆ ತಾಗುವಂತೆಯೇ ಇರಲಿಲ್ಲ. ಪೀಣ್ಯದ ಬಹುತೇಕ ಶೆಡ್ಡುಗಳ ಕಥೆಯೂ ಅದೇ. ಆದರೂ ನಮ್ಮ ಶಾಪ್ ಫ್ಲೋರಿನಲ್ಲಿ ಅರ್ಧಕ್ಕರ್ಧ ಜನ ಕಾಂಟ್ರಾಕ್ಟಿನವರು.

ನಮಗೆ ತಾಗುತ್ತಿದ್ದದ್ದು 240 ದಿನದ ಲೆಕ್ಕ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ. ಇದೇನು ಮಾಲೀಕರನ್ನು ಮುಳುಗಿಸುವ ಮೊತ್ತವಲ್ಲ. ಆದರೂ 220 ದಾಟುತ್ತಿದ್ದಂತೆ ಮೇಲಿನಿಂದ 'ಆ ಹುಡುಗನಿಗೆ ಬ್ರೇಕ್ ಕೊಡಿ' ಎಂದು ಚೀಟಿ ಬರುತ್ತಿತ್ತು. ಹುಡುಗ ಊರಿಗೆ ಹೋಗಿ ಬಂದು ಇನ್ನೊಬ್ಬ ಗುತ್ತಿಗೆದಾರನ ಹೆಸರಿನಲ್ಲಿ ಅದೇ ಮಷಿನ್ನಿಗೆ ನಿಲ್ಲುತ್ತಿದ್ದ. ಆ ಇನ್ನೊಬ್ಬ ಗುತ್ತಿಗೆದಾರ ಮೊದಲನೆಯವನ ಭಾವಮೈದುನ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ 20 ಜನರನ್ನಿಟ್ಟುಕೊಂಡ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕಿತ್ತು. ಹಾಗಾಗಿ ಇಬ್ಬರ ಹತ್ತಿರವೂ 19, 19! ಈ ಚೀಟಿಗಳನ್ನು ಫೈಲ್ ಮಾಡಿದ್ದು ನಾನೇ. ಹೆಮ್ಮೆಯಿಂದ ಹೇಳುತ್ತಿಲ್ಲ.

ಇಷ್ಟೆಲ್ಲ ಏಕೆ ಎಂದರೆ ಕಾಯಂ ಫಿಟ್ಟರನ ಸಂಬಳ ಯೂನಿಯನ್ ಒಪ್ಪಂದದಿಂದ ಏರುತ್ತಾ ಹೋಗಿತ್ತು, ಪಕ್ಕದ ಮಷಿನ್ನಿನ ಕಾಂಟ್ರಾಕ್ಟ್ ಹುಡುಗನಿಗೆ ಅದರ ಅರ್ಧವೂ ಇರಲಿಲ್ಲ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎನ್ನುವ ಷರತ್ತು ಗುತ್ತಿಗೆ ಕಾರ್ಮಿಕ ನಿಯಮಗಳಲ್ಲೇ ಇತ್ತು. ಹನ್ನೊಂದು ವರ್ಷದಲ್ಲಿ ನಮ್ಮಲ್ಲಿ ಅದನ್ನು ಯಾರೂ ಕೇಳಲಿಲ್ಲ. ಅದಕ್ಕೇ ನನಗನ್ನಿಸುವುದು, ತೆಗೆಯುವುದು ಕಷ್ಟ ಎನ್ನುವುದಕ್ಕಿಂತ ಇಬ್ಬರ ನಡುವಿನ ಈ ಅಂತರವೇ ದೊಡ್ಡ ಕಾರಣ.

ನಂಬಿಕೆ ಬರದಿದ್ದರೆ ನಮ್ಮೂರ ಗಾರ್ಮೆಂಟ್ಸ್ ನೋಡಿ. ಒಂದೊಂದರಲ್ಲಿ ನೂರಾರು, ಸಾವಿರಾರು ಹೆಣ್ಣುಮಕ್ಕಳು. ತೆಗೆಯುವ ಕಾನೂನು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯಬೇಕಾದದ್ದು ಅಲ್ಲಿ. ಆದರೂ ಹೆಚ್ಚಿನವರು ನೇರ ಕಂಪನಿ ರೋಲಿನಲ್ಲೇ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬದಲಾಯಿಸಲು ಹೋದಾಗ ಹೊಸೂರು ರಸ್ತೆ ತುಂಬಿ ನಿಂತವರು ಅವರೇ. ಕೇಂದ್ರ ನಿಯಮವನ್ನೇ ವಾಪಸ್ ಪಡೆಯಿತು. ಅಲ್ಲಿ ಕಾಯಂ ಸಂಬಳವೇ ಕನಿಷ್ಠ ಕೂಲಿಯ ಆಸುಪಾಸು, ಗುತ್ತಿಗೆದಾರನನ್ನು ನಡುವೆ ತಂದರೆ ಉಳಿಯುವುದೇನೂ ಇಲ್ಲ. ಜನ ತಾವಾಗಿಯೇ ಬಿಟ್ಟು ಹೋಗುತ್ತಿರುವಾಗ ತೆಗೆಯುವ ಚಿಂತೆ ಯಾರಿಗೆ?

ಕೋರ್ಟಿನ ಕಥೆ ಚುಟುಕಾಗಿ: ಒಂದು ಕೆಲಸದಲ್ಲಿ ಸರ್ಕಾರ ಗುತ್ತಿಗೆ ಪದ್ಧತಿ ನಿಷೇಧಿಸಿದರೆ ಆ ಕಾರ್ಮಿಕರು ತಾನಾಗಿ ಕಾಯಂ ಆಗುತ್ತಾರೆ ಎಂಬ ಹಿಂದಿನ ತೀರ್ಪನ್ನು ಸುಪ್ರೀಂ ಕೋರ್ಟು 2001ರಲ್ಲಿ, ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ, ತಳ್ಳಿಹಾಕಿತು. ಮಾಲೀಕರಿಗೆ ಅಂದಿನಿಂದ ಧೈರ್ಯ ಬಂತು.

ಇನ್ನು ಸಂಹಿತೆ, ಅಂದರೆ ಈ ಹಳೆಯ ಕಾಯ್ದೆಗಳ ಬದಲು ಬಂದ ಹೊಸ ಕಾನೂನು. 2025ರ ನವೆಂಬರ್ 21ರಿಂದ ಜಾರಿ. ಅನುಮತಿಯ ಮಿತಿ ಮತ್ತೆ 300ಕ್ಕೆ ಹೋಯಿತು. ಗುತ್ತಿಗೆದಾರನ ಲೈಸೆನ್ಸಿನ 20 ಈಗ 50, ಅಂದರೆ ನಮ್ಮ ಭಾವ-ಭಾವಮೈದುನರು 49, 49 ಮಾಡಿಕೊಳ್ಳಬಹುದು. ಕಾರ್ಖಾನೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಜನರನ್ನು ಹಾಕುವಂತಿಲ್ಲ ಎಂದಿದೆ, ಜೊತೆಗೇ ಆರ್ಡರ್ ದಿಢೀರ್ ಹೆಚ್ಚಾದರೆ ಹಾಕಬಹುದು ಎಂದೂ ಇದೆ. ಪೀಣ್ಯದಲ್ಲಿ ಆರ್ಡರ್ ದಿಢೀರ್ ಹೆಚ್ಚಾಗದ ತಿಂಗಳನ್ನು ನಾನಂತೂ ನೋಡಿಲ್ಲ. ಒಳ್ಳೆಯದೊಂದಿದೆ, ಫಿಕ್ಸೆಡ್ ಟರ್ಮ್ ನೌಕರಿ: ಅವಧಿ ಮುಗಿದರೆ ಕೆಲಸ ಮುಗಿಯಿತು, ಆದರೆ ಸಂಬಳ, ಸವಲತ್ತು ಕಾಯಂನವರಷ್ಟೇ, ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಅಂತರ ಮುಚ್ಚುವುದು ಇದೊಂದೇ, ಮಾಲೀಕರು ಇದನ್ನು ಆರಿಸಿಕೊಂಡರೆ.

ಹಾಗಾಗಿ ತಮ್ಮನ ನೇಮಕಾತಿ ಪತ್ರದ ಮೇಲೆ ಕಂಪನಿಯ ಹೆಸರಿದೆಯೋ ಗುತ್ತಿಗೆದಾರನದ್ದೋ ಮೊದಲು ನೋಡಿ. ಗುತ್ತಿಗೆದಾರನದ್ದಾದರೆ, ಪಿಎಫ್ ಪಾಸ್‌ಬುಕ್ ತೆಗೆದು ಮೂರು ವರ್ಷದಲ್ಲಿ ಎಷ್ಟು ಸಂಸ್ಥೆಗಳ ಹೆಸರು ಬಂದಿದೆ, ನಡುವೆ ಎಷ್ಟು ತಿಂಗಳು ಖಾಲಿ ಇದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಲೇಬರ್ ಆಫೀಸಿಗೆ ಹೋದರೆ ಅವರು ಕೇಳುವುದು ಅದನ್ನೇ. ಹಳೆಯ ಗೇಟ್ ಪಾಸ್‌ಗಳಿದ್ದರೆ ಎಸೆಯಬೇಡಿ.